ಯಕೃತ್ತಿನ ಕಾಯಿಲೆ ಇದ್ದವರು ನೋವಿನ ಗುಳಿಗೆ ಆರಿಸುವುದು ಹೇಗೆ?

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಯಾವ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ "ಸೊಂಟನೋವಿಗೆ ಎರಡು ಗುಳಿಗೆ ಕೊಡಿ" ಎಂಬ ಮಾತು ಕಿವಿಗೆ ಬೀಳುತ್ತದೆ. ದಿನವಿಡೀ ಅಡಿಕೆ ಕೊನೆ ಹೊತ್ತವರಿಗೂ, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರಿಗೂ ಮೈಕೈ ನೋವು ತಪ್ಪಿದ್ದಲ್ಲ. ಆರೋಗ್ಯವಂತರಿಗೆ ಆ ಎರಡು ಗುಳಿಗೆಗಳಿಂದ ಸಾಮಾನ್ಯವಾಗಿ ದೊಡ್ಡ ತೊಂದರೆಯಾಗುವುದಿಲ್ಲ. ಆದರೆ ಕೇಳಿದವರಿಗೆ ಯಕೃತ್ತಿನ ಕಾಯಿಲೆ ಇದ್ದರೆ ಅದೇ ಗುಳಿಗೆ ಕೆಲವೇ ದಿನಗಳಲ್ಲಿ ಆಸ್ಪತ್ರೆ ಸೇರುವಂತೆ ಮಾಡಬಲ್ಲದು.

ನಮ್ಮ ದೊಡ್ಡಮ್ಮನಿಗೆ ಆದದ್ದು ಇದೇ. ಜೀವಮಾನದಲ್ಲಿ ಮದ್ಯ ಮುಟ್ಟದ ಅವರಿಗೆ ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರುವುದು) ಸೇರಿ ಸಿರೋಸಿಸ್, ಅಂದರೆ ಯಕೃತ್ತು ಗಟ್ಟಿಯಾಗುವ ಕಾಯಿಲೆ, ಬಂದಿತ್ತು. "ಪ್ಯಾರಾಸಿಟಮಾಲ್ ಲಿವರ್ ಹಾಳು ಮಾಡುತ್ತದಂತೆ, ಅದು ಬೇಡ, ಬೇರೆ ಯಾವುದಾದರೂ ಕೊಡಿ" ಎಂದು ಅವರೇ ಅಂಗಡಿಯಲ್ಲಿ ಕೇಳಿ ಅಸಿಕ್ಲೋಫೆನಾಕ್ ಬೆರೆತ ಗುಳಿಗೆ ತಂದಿದ್ದರು. ಆರನೆಯ ದಿನಕ್ಕೆ ಮೂತ್ರ ಕಡಿಮೆಯಾಯಿತು, ಪಾದಗಳು ಬಾತುಕೊಂಡವು, ಹೊಟ್ಟೆ ಬಿಗಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ತಿಳಿದದ್ದು, ಪೆಟ್ಟು ಬಿದ್ದಿರುವುದು ಮೂತ್ರಪಿಂಡಗಳಿಗೆ ಎಂದು. ಗುಳಿಗೆ ನಿಲ್ಲಿಸಿ ಚಿಕಿತ್ಸೆ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಎಲ್ಲರಿಗೂ ಹಾಗೆ ಚೇತರಿಕೆ ಸಿಗುವುದಿಲ್ಲ.

ಜನರು ಹೆದರುವ ಪ್ಯಾರಾಸಿಟಮಾಲ್, ಪ್ರಮಾಣ ಮೀರದಂತೆ ತೆಗೆದುಕೊಂಡರೆ, ಯಕೃತ್ತಿನ ಕಾಯಿಲೆಯವರಿಗೆ ಇರುವುದರಲ್ಲಿ ಹೆಚ್ಚು ಸುರಕ್ಷಿತ. ಜನರು ಧೈರ್ಯವಾಗಿ ನುಂಗುವ ಉಳಿದ "ಪೇನ್ ಕಿಲ್ಲರ್"ಗಳೇ ಅವರಿಗೆ ಹೆಚ್ಚು ಅಪಾಯಕಾರಿ. ಈ ಒಂದು ಮಾತು ಮನೆಮನೆಗೆ ತಲುಪಬೇಕೆಂಬ ಆಸೆಯಿಂದ ಮುಂದಿನ ಹೆಜ್ಜೆಗಳನ್ನು ಬರೆದಿದ್ದೇನೆ. ನಿಮ್ಮ ವೈದ್ಯರು ನಿಮಗೆಂದೇ ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಮೊದಲ ಹೆಜ್ಜೆ: ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳಿ

"ಲಿವರ್ ತೊಂದರೆ" ಎಂಬ ಒಂದೇ ಮಾತಿನೊಳಗೆ ಹಲವು ಸ್ಥಿತಿಗಳಿವೆ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದಷ್ಟೇ ಬಂದು ಉಳಿದೆಲ್ಲ ಪರೀಕ್ಷೆಗಳು ಸರಿಯಿರುವವರ ಸ್ಥಿತಿ ಒಂದು. ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇದ್ದೂ ಯಕೃತ್ತು ಇನ್ನೂ ಗಟ್ಟಿಯಾಗದವರದು ಇನ್ನೊಂದು. ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗಿ ಸಿರೋಸಿಸ್ ಆದವರದು ಮತ್ತೊಂದು. ಸಿರೋಸಿಸ್‌ನಲ್ಲೂ ಎರಡು ಘಟ್ಟಗಳಿವೆ. ಹೊರಗೆ ಯಾವ ಲಕ್ಷಣವೂ ಕಾಣದ ಘಟ್ಟ ಮೊದಲನೆಯದು. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಕಣ್ಣು ಹಳದಿಯಾಗುವುದು, ಮಾತು ತಪ್ಪುವಷ್ಟು ಮಂಪರು, ಇವುಗಳಲ್ಲಿ ಒಂದಾದರೂ ಕಾಣಿಸಿಕೊಂಡ ಘಟ್ಟ ಎರಡನೆಯದು. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಎರಡನೆಯ ಘಟ್ಟದವರಿಗೆ ಅತ್ಯಂತ ಬಿಗಿಯಾಗಿ ಅನ್ವಯಿಸುತ್ತವೆ.

ಎಸ್‌ಜಿಪಿಟಿ ಎಂಬ ಯಕೃತ್ತಿನ ರಕ್ತ ಪರೀಕ್ಷೆ ಸರಿಯಿದೆ ಎಂದಮಾತ್ರಕ್ಕೆ ಸಿರೋಸಿಸ್ ಇಲ್ಲ ಎಂದು ತಿಳಿಯಬಾರದು. ಯಕೃತ್ತಿನ ನಿಜವಾದ ಶಕ್ತಿಯನ್ನು ಬಿಲಿರುಬಿನ್, ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟುವಿಕೆಯನ್ನು ಅಳೆಯುವ ಐಎನ್‌ಆರ್ ಹೆಚ್ಚು ಚೆನ್ನಾಗಿ ಹೇಳುತ್ತವೆ. ಪ್ಲೇಟ್‌ಲೆಟ್ ಎಣಿಕೆಯಿಂದ ಯಕೃತ್ತಿಗೆ ಬರುವ ರಕ್ತನಾಳಗಳಲ್ಲಿನ ಒತ್ತಡದ ಸುಳಿವು ಸಿಗುತ್ತದೆ. ಕ್ರಿಯಾಟಿನಿನ್ ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುತ್ತದೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ, "ನನಗೆ ಸಿರೋಸಿಸ್ ಇದೆಯೇ? ನೋವು ಬಂದರೆ ಯಾವ ಗುಳಿಗೆ, ದಿನಕ್ಕೆ ಎಷ್ಟು?" ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕುಡಿತದ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ, ಏಕೆಂದರೆ ಗುಳಿಗೆಯ ಪ್ರಮಾಣ ಅದರ ಮೇಲೂ ನಿಂತಿದೆ.

ಎರಡನೆಯ ಹೆಜ್ಜೆ: ಮನೆಯಲ್ಲಿ ಗುಳಿಗೆ ನುಂಗಿ ಕಾಯಬಾರದ ನೋವುಗಳನ್ನು ಗುರುತಿಸಿ

ಹೊಟ್ಟೆಯಲ್ಲಿ ನೀರು ತುಂಬಿರುವವರಿಗೆ ಹೊಸದಾಗಿ ಹೊಟ್ಟೆನೋವು ಬಂದರೆ, ಅದರಲ್ಲೂ ಜ್ವರ ಅಥವಾ ಮಂಪರು ಜೊತೆಗಿದ್ದರೆ, ಆ ನೀರಿಗೇ ಸೋಂಕು ತಗುಲಿರಬಹುದು. ನೋವಿನ ಗುಳಿಗೆಯಿಂದ ಅದು ಗುಣವಾಗುವುದಿಲ್ಲ. ಸೂಜಿಯಿಂದ ನೀರನ್ನು ತೆಗೆದು ಪರೀಕ್ಷಿಸಿ ಆ್ಯಂಟಿಬಯೋಟಿಕ್ ಕೊಡಬೇಕಾಗುತ್ತದೆ. ಡಾಂಬರಿನಂತೆ ಕಪ್ಪಾದ ಮಲ, ರಕ್ತ ವಾಂತಿ, ಎದೆನೋವು, ಬಿದ್ದು ತಲೆಗೆ ಪೆಟ್ಟಾಗಿರುವುದು, ಇವು ಕೂಡ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳು.

ಮಲೆನಾಡಿನವರು ಜ್ವರದ ಜೊತೆ ಬರುವ ಮೈಕೈ ನೋವನ್ನು ಪ್ರತ್ಯೇಕವಾಗಿ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಅದು ಶುರುವಾಗುವುದೇ ತೀವ್ರ ಜ್ವರ, ತಲೆನೋವು ಮತ್ತು ತಡೆಯಲಾರದ ಮೈನೋವಿನಿಂದ. ಮಳೆಗಾಲದಲ್ಲಿ ಗದ್ದೆ, ತೋಟಗಳ ಕೆಸರಿನಲ್ಲಿ ಕೆಲಸ ಮಾಡುವವರಿಗೆ ತಗುಲುವ ಇಲಿಜ್ವರ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಿಡಿಯಬಲ್ಲದು. ಡೆಂಗಿಯೂ ಇದೆ. ಇಂಥ ಜ್ವರಗಳಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವ ಸಂಭವವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ಆರೋಗ್ಯವಂತರಿಗೂ ಬೇಡ. ಸಿರೋಸಿಸ್‌ನಿಂದ ಪ್ಲೇಟ್‌ಲೆಟ್ ಮೊದಲೇ ಕಡಿಮೆಯಿರುವವರಿಗಂತೂ ಖಂಡಿತ ಬೇಡ. ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋಗಿ ಬಂದ ಮೇಲೆ, ಮಂಗನ ಕಾಯಿಲೆ ಹರಡುವ ಉಣುಗು ಮೈಮೇಲೆ ಕಂಡ ಮೇಲೆ, ಅಥವಾ ಊರಿನ ಸುತ್ತ ಮಂಗ ಸತ್ತ ಸುದ್ದಿ ಕೇಳಿದ ಮೇಲೆ ಜ್ವರ ಬಂದರೆ "ಒಂದು ದಿನ ನೋಡೋಣ" ಎನ್ನದೆ ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಯಕೃತ್ತಿನ ಕಾಯಿಲೆ ಇರುವುದನ್ನೂ ತಪ್ಪದೆ ತಿಳಿಸಿ.

ಸಿರೋಸಿಸ್ ಇರುವವರನ್ನು ರಾತ್ರಿ ಬಹಳ ಕಾಡುವ ನೋವು ಮೀನಖಂಡ ಹಿಡಿದುಕೊಳ್ಳುವುದು. ಇದಕ್ಕೆ ನೋವಿನ ಗುಳಿಗೆಯಿಂದ ಉಪಯೋಗವಿಲ್ಲ. ಪಾದವನ್ನು ಮೇಲ್ಮುಖವಾಗಿ ಎಳೆದು ಹಿಡಿದರೆ ಸಡಿಲವಾಗುತ್ತದೆ. ಪದೇ ಪದೇ ಬರುತ್ತಿದ್ದರೆ ನೀರಿನ ಗುಳಿಗೆಯ (ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುವ ಗುಳಿಗೆ) ಪ್ರಮಾಣ ಮತ್ತು ರಕ್ತದ ಲವಣಾಂಶಗಳನ್ನು ವೈದ್ಯರು ನೋಡಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಗುಳಿಗೆಗೆ ಮುನ್ನ ಶಾಖ, ವಿಶ್ರಾಂತಿ

ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಕೊರತೆಯಿಲ್ಲ. ಬಚ್ಚಲ ಹಂಡೆಯ ಬಿಸಿನೀರು, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನ ಸ್ನಾನ, ಬಟ್ಟೆಯಲ್ಲಿ ಕಟ್ಟಿ ಬಿಸಿ ಮಾಡಿದ ಉಪ್ಪಿನ ಶಾಖ, ಇವೆಲ್ಲ ಸೊಂಟ, ಭುಜ, ಮಂಡಿಗಳ ನೋವಿಗೆ ಹಿತ ನೀಡುತ್ತವೆ ಮತ್ತು ಯಕೃತ್ತಿಗೆ ಯಾವ ಹೊರೆಯನ್ನೂ ಹಾಕುವುದಿಲ್ಲ. ಬಾತ ಕಾಲುಗಳ ಚರ್ಮ ತೆಳುವಾಗಿರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಿರುತ್ತದೆ. ಅಂಥವರಿಗೆ ಶಾಖ ಕೊಡುವವರು ಬಿಸಿಯನ್ನು ಮೊದಲು ತಮ್ಮ ಕೈಯಲ್ಲಿ ನೋಡಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಪ್ಯಾರಾಸಿಟಮಾಲ್‌ನ ಲೆಕ್ಕ ಇಡಿ

ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ ಪ್ಯಾರಾಸಿಟಮಾಲ್‌ನ ಗರಿಷ್ಠ ಮಿತಿ 4 ಗ್ರಾಂ. ಸಿರೋಸಿಸ್ ಮೊದಲಾದ ದೀರ್ಘಕಾಲದ ಯಕೃತ್ತಿನ ಕಾಯಿಲೆ ಇರುವವರಿಗೆ ತಜ್ಞರು ಸಾಮಾನ್ಯವಾಗಿ ಹೇಳುವ ಮಿತಿ ಅದರ ಅರ್ಧ, ಅಂದರೆ 2 ಗ್ರಾಂ. ಗುಳಿಗೆಯ ಲೆಕ್ಕದಲ್ಲಿ ಹೇಳುವುದಾದರೆ 500 ಮಿಲಿಗ್ರಾಂನದಾದರೆ ದಿನಕ್ಕೆ ನಾಲ್ಕು, ಡೋಲೋದಂಥ 650 ಮಿಲಿಗ್ರಾಂನದಾದರೆ ಮೂರು, ಅಂದರೆ 1,950 ಮಿಲಿಗ್ರಾಂ. ಒಂದು ಸಲಕ್ಕೆ ಒಂದೇ ಗುಳಿಗೆ, ಎರಡರ ನಡುವೆ ಕನಿಷ್ಠ ಆರು ಗಂಟೆ ಅಂತರ ಇರಲಿ. ಇದು ಮೇಲಿನ ಮಿತಿಯೇ ಹೊರತು ದಿನವೂ ಮುಟ್ಟಬೇಕಾದ ಗುರಿಯಲ್ಲ. ಒಂದೇ ಗುಳಿಗೆಗೆ ನೋವು ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಎರಡು ಮೂರು ದಿನಗಳಾದರೂ ಕಡಿಮೆಯಾಗದಿದ್ದರೆ ಮುಂದುವರಿಸದೆ ವೈದ್ಯರನ್ನು ಕಾಣಬೇಕು.

ಹೀಗೆ ಅರ್ಧಕ್ಕೆ ಇಳಿಸುವುದಕ್ಕೆ ಕಾರಣವಿದೆ. ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲು ಯಕೃತ್ತಿನಲ್ಲಿ ನಿರಪಾಯಕಾರಿ ರೂಪಕ್ಕೆ ತಿರುಗಿ ಮೂತ್ರದಲ್ಲಿ ಹೊರಹೋಗುತ್ತದೆ. ಸಣ್ಣ ಪಾಲು ಮಾತ್ರ ವಿಷಕಾರಿ ವಸ್ತುವಾಗುತ್ತದೆ; ಗ್ಲುಟಾಥಯೋನ್ ಎಂಬ ಪದಾರ್ಥ ಅದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತದೆ. ನಿತ್ಯ ಕುಡಿಯುವವರಲ್ಲಿ ಆ ವಿಷಕಾರಿ ಪಾಲು ಹೆಚ್ಚುತ್ತದೆ. ಸರಿಯಾಗಿ ಊಟ ಮಾಡದವರಲ್ಲಿ, ಉಪವಾಸವಿರುವವರಲ್ಲಿ, ಸೊರಗಿದವರಲ್ಲಿ ಗ್ಲುಟಾಥಯೋನ್‌ನ ದಾಸ್ತಾನು ಕಡಿಮೆಯಿರುತ್ತದೆ. ಹಾಗಾಗಿ ಮದ್ಯ ಬಿಡದವರು, 50 ಕಿಲೋಗಿಂತ ಕಡಿಮೆ ತೂಕದವರು ಮತ್ತು ಕೆಲವು ದಿನಗಳಿಂದ ಊಟ ಸೇರದವರು 2 ಗ್ರಾಂಗಿಂತಲೂ ಕಡಿಮೆ ಮಿತಿಯನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಹೊಸದಾಗಿ ಕಾಮಾಲೆ ಬಂದು, ವಾಂತಿಯಾಗುತ್ತ, ಕಣ್ಣು ಹಳದಿಯಾಗಿರುವವರು ವೈದ್ಯರು ನೋಡುವವರೆಗೆ ಪ್ಯಾರಾಸಿಟಮಾಲ್ ಸೇರಿ ಯಾವ ಗುಳಿಗೆಯನ್ನೂ ತಾವಾಗಿ ತೆಗೆದುಕೊಳ್ಳಬಾರದು.

ನೀರಿನಲ್ಲಿ ಕರಗಿಸಿ ಕುಡಿಯುವ, ಗುಳ್ಳೆ ಏಳುವ ಬಗೆಯ ಗುಳಿಗೆಗಳಲ್ಲಿ ಸೋಡಿಯಂ ಹೆಚ್ಚು. ಹೊಟ್ಟೆಯ ನೀರಿಗಾಗಿ ಉಪ್ಪಿನಕಾಯಿಯನ್ನೂ ಬಿಟ್ಟು ಊಟ ಮಾಡುತ್ತಿರುವವರು ಅವುಗಳ ಬದಲು ಸಾದಾ ಗುಳಿಗೆ ತೆಗೆದುಕೊಳ್ಳಬೇಕು. ಹೊಟ್ಟೆ ಉಬ್ಬರಕ್ಕೆಂದು ಕುಡಿಯುವ ಸೋಡಾ ಪುಡಿಗಳಿಗೂ ಇದೇ ಮಾತು.

ಐದನೆಯ ಹೆಜ್ಜೆ: ಸ್ಟ್ರಿಪ್‌ನ ಹಿಂಭಾಗ ಓದಿ

ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲಿಯೇ. ದೊಡ್ಡ ಅಕ್ಷರದ ಹೆಸರು ಕಂಪನಿ ಗುಳಿಗೆಗೆ ಇಟ್ಟದ್ದು. ಒಳಗಿರುವ ಔಷಧಿಯ ಹೆಸರು ಸಣ್ಣ ಅಕ್ಷರದಲ್ಲಿ ಹಿಂದೆ ಇರುತ್ತದೆ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇವೆ. ಹೊಟ್ಟೆ ಹಿಡಿತಕ್ಕೆ ಕೊಡುವ ಗುಳಿಗೆಗಳಲ್ಲಿ ಕೆಲವು ಪ್ಯಾರಾಸಿಟಮಾಲ್ ಬೆರೆತವು, ಕೆಲವು ಮೆಫೆನಮಿಕ್ ಆಸಿಡ್ ಬೆರೆತವು. ನೆಗಡಿ ಗುಳಿಗೆಗಳಲ್ಲಿ ಬಹುತೇಕ ಎಲ್ಲವುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಹೀಗಾಗಿ ಜ್ವರಕ್ಕೆಂದು ಒಂದು, ನೆಗಡಿಗೆಂದು ಒಂದು, ಮೈನೋವಿಗೆಂದು ಒಂದು ನುಂಗಿದವರು ತಮಗೆ ಗೊತ್ತಿಲ್ಲದೆಯೇ ಮಿತಿ ದಾಟಿರುತ್ತಾರೆ.

ಕಂಪನಿ ಇಟ್ಟ ಹೆಸರಿನ ಕೊನೆಯಲ್ಲಿ ಬರುವ ಅಕ್ಷರಗಳನ್ನೂ ಗಮನಿಸಿ. "ಪಿ" ಎಂದಿದ್ದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸೇರಿದೆ ಎಂದರ್ಥ. "ಎಂಆರ್" ಎಂದಿದ್ದರೆ ಸ್ನಾಯು ಸಡಿಲಿಸುವ ಔಷಧಿ ಸೇರಿರುವುದು ಸಾಮಾನ್ಯ. ಅದು ಕ್ಲೋರ್‌ಜಾಕ್ಸಜೋನ್ ಆಗಿದ್ದರೆ, ಅಪರೂಪಕ್ಕಾದರೂ ಯಕೃತ್ತಿಗೇ ತೀವ್ರ ಹಾನಿ ಮಾಡಿದ ಇತಿಹಾಸ ಅದಕ್ಕಿದೆ. ಇಂಗ್ಲಿಷ್ ಓದಲು ಬಾರದವರು ಅಂಗಡಿಯವರನ್ನೇ "ಇದರಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಏನಿದೆ?" ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. "ಬೇರೇನೂ ಇಲ್ಲ" ಎಂಬ ಉತ್ತರ ಬಂದರೆ ಮಾತ್ರ ತೆಗೆದುಕೊಳ್ಳಿ. ಜನೌಷಧಿ ಕೇಂದ್ರದ ಸ್ಟ್ರಿಪ್‌ಗಳಲ್ಲಿ ಔಷಧಿಯ ಮೂಲ ಹೆಸರೇ ಎದ್ದು ಕಾಣುವುದರಿಂದ ಈ ಗೊಂದಲ ಕಡಿಮೆ.

ಆರನೆಯ ಹೆಜ್ಜೆ: ಬೇಡ ಎನ್ನಬೇಕಾದ ಗುಂಪನ್ನು ನೆನಪಿಡಿ

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಮೆಫೆನಮಿಕ್ ಆಸಿಡ್, ಕೀಟೊರೊಲಾಕ್, ಪಿರಾಕ್ಸಿಕಾಮ್, ಎಟೊರಿಕಾಕ್ಸಿಬ್, ನಿಮೆಸುಲೈಡ್ ಮತ್ತು ನೋವಿಗಾಗಿ ತೆಗೆದುಕೊಳ್ಳುವ ಆಸ್ಪಿರಿನ್ ಒಂದೇ ಕುಟುಂಬದವು. ಸಿರೋಸಿಸ್ ಇರುವವರಿಗೆ ಇವು ಸಲ್ಲವು. ಈ ಪೈಕಿ ನಿಮೆಸುಲೈಡ್ ನೇರವಾಗಿ ಯಕೃತ್ತಿಗೇ ಹಾನಿ ಮಾಡಬಲ್ಲದು ಎಂಬ ಕಾರಣಕ್ಕೆ ಕೆಲವು ದೇಶಗಳಲ್ಲಿ ಮಾರಾಟ ನಿಂತಿದೆ. ನಮ್ಮಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲಿ ನಿಷೇಧಿಸಲಾಯಿತು.

ಆದರೆ ಈ ಇಡೀ ಗುಂಪಿನ ದೊಡ್ಡ ಅಪಾಯ ಇರುವುದು ಮೂತ್ರಪಿಂಡ ಮತ್ತು ರಕ್ತಸ್ರಾವದ ವಿಷಯದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಕೃತ್ತು ಗಟ್ಟಿಯಾದಾಗ ಕರುಳಿನಿಂದ ಅದರ ಕಡೆಗೆ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ, ಹೊಟ್ಟೆಯ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲಿಯೇ ತಂಗುತ್ತದೆ, ಮೂತ್ರಪಿಂಡಗಳ ಪಾಲಿಗೆ ಬರುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಹಳ್ಳದ ನೀರು ಇಳಿದಾಗ ಕೆಳಗಿನ ತೋಟಕ್ಕೆ ನೀರು ತಲುಪಬೇಕಾದರೆ ಅಲ್ಲಿನ ತೂಬನ್ನು ಪೂರ್ತಿ ತೆರೆದಿಡಬೇಕಾಗುತ್ತದಲ್ಲ, ಹಾಗೆಯೇ ಮೂತ್ರಪಿಂಡ ತನ್ನ ರಕ್ತನಾಳವನ್ನು ಪ್ರಾಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ನೆರವಿನಿಂದ ಅಗಲವಾಗಿ ತೆರೆದಿಟ್ಟುಕೊಂಡು ದಿನ ದೂಡುತ್ತಿರುತ್ತದೆ. ಈ ಗುಂಪಿನ ಗುಳಿಗೆಗಳು ನೋವನ್ನು ತಗ್ಗಿಸುವುದು ಪ್ರಾಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆದೇ. ನೋವು ಇಳಿಯುತ್ತದೆ, ಜೊತೆಗೆ ತೂಬೂ ಮುಚ್ಚುತ್ತದೆ. ಆಗ ಮೂತ್ರ ಕಡಿಮೆಯಾಗುತ್ತದೆ, ಉಪ್ಪು ಮತ್ತು ನೀರು ದೇಹದಲ್ಲಿ ನಿಲ್ಲುತ್ತವೆ, ಫ್ರುಸೆಮೈಡ್, ಸ್ಪೈರನೊಲ್ಯಾಕ್ಟೋನ್‌ನಂಥ ನೀರಿನ ಗುಳಿಗೆಗಳು ನಾಟುವುದಿಲ್ಲ.

ಇದೇ ಪ್ರಾಸ್ಟಗ್ಲಾಂಡಿನ್ ಹೊಟ್ಟೆಯ ಒಳಪೊರೆಯನ್ನೂ ಕಾಯುತ್ತದೆ. ಅದು ಕಡಿಮೆಯಾದರೆ ಹುಣ್ಣಾಗಬಹುದು. ಜೊತೆಗೆ ಈ ಗುಳಿಗೆಗಳಲ್ಲಿ ಹೆಚ್ಚಿನವು ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕುಂಠಿತಗೊಳಿಸುತ್ತವೆ. ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ನಿಂತಿರುವಾಗ ಇಂಥ ಗುಳಿಗೆಯಿಂದ ಅವು ಒಡೆದು ರಕ್ತ ವಾಂತಿಯಾಗುವ ಸಂಭವ ಹೆಚ್ಚುತ್ತದೆ. ಜೊತೆಗೆ ಗ್ಯಾಸ್ ಗುಳಿಗೆ ನುಂಗಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಅದು ಹುಣ್ಣನ್ನು ತಡೆಯಬಹುದೇ ಹೊರತು ಮೂತ್ರಪಿಂಡವನ್ನು ಕಾಯಲಾರದು.

ಗುಳಿಗೆಗಿಂತ ಹೆಚ್ಚು ಮರೆತುಹೋಗುವುದು ಇಂಜೆಕ್ಷನ್. "ಬೇಗ ಕಡಿಮೆಯಾಗಲಿ, ಒಂದು ಸೂಜಿ ಹಾಕಿಬಿಡಿ" ಎಂದು ನಾವೇ ಒತ್ತಾಯಿಸುತ್ತೇವೆ. ಆ ಸೂಜಿಯಲ್ಲಿ ಬಹಳ ಸಲ ಇರುವುದು ಡೈಕ್ಲೋಫೆನಾಕ್. ಯಾರು ಚುಚ್ಚಲು ಬಂದರೂ, ಹಲ್ಲು ಕೀಳುವ ವೈದ್ಯರಾದರೂ, ಅದಕ್ಕೆ ಮೊದಲೇ "ನನಗೆ ಲಿವರ್ ಸಿರೋಸಿಸ್ ಇದೆ" ಎಂದು ಹೇಳಬೇಕು.

ಇಲ್ಲಿ ಎರಡು ವಿನಾಯಿತಿಗಳನ್ನು ಹೇಳಲೇಬೇಕು. ಸಿರೋಸಿಸ್ ಇಲ್ಲದ, ಮೂತ್ರಪಿಂಡ ಸರಿಯಿರುವ, ಬರೀ ಫ್ಯಾಟಿ ಲಿವರ್‌ನವರಿಗೆ ವೈದ್ಯರು ಈ ಗುಂಪಿನ ಔಷಧಿಯನ್ನು ಕೆಲವು ದಿನಗಳ ಮಟ್ಟಿಗೆ ಕೊಡಬಹುದು, ಅದರಲ್ಲಿ ತಪ್ಪಿಲ್ಲ. ಎರಡನೆಯದಾಗಿ, ಹೃದಯಕ್ಕೆಂದು ನಿತ್ಯ ತೆಗೆದುಕೊಳ್ಳುವ ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು ಈ ಲೇಖನ ಓದಿ ನೀವಾಗಿ ನಿಲ್ಲಿಸಬೇಡಿ. ಹೃದಯದ ವೈದ್ಯರು ಮತ್ತು ಯಕೃತ್ತಿನ ವೈದ್ಯರು ಇಬ್ಬರಿಗೂ ತಿಳಿಸಿ, ಅವರೇ ತೀರ್ಮಾನಿಸಲಿ.

ಏಳನೆಯ ಹೆಜ್ಜೆ: ಹಚ್ಚುವ ಔಷಧಿ

ಮೆಂಥಾಲ್ ಇರುವ ಬಾಮ್, ಚರ್ಮವನ್ನು ಮರಗಟ್ಟಿಸುವ ಲಿಗ್ನೊಕೇನ್ ಪ್ಯಾಚ್ ಮುಂತಾದವು ಮಂಡಿ, ಸೊಂಟದ ನೋವಿಗೆ ಒಳ್ಳೆಯ ಆಯ್ಕೆಗಳು. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ಗುಳಿಗೆಗೆ ಹೋಲಿಸಿದಲ್ಲಿ ಬಹಳ ಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತದೆ. ಹಾಗಿದ್ದರೂ ಹೊಟ್ಟೆಯಲ್ಲಿ ನೀರು ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು, ಇಡೀ ಬೆನ್ನಿಗೆ ದಿನಗಟ್ಟಲೆ ಹಚ್ಚಲೂಬಾರದು.

ಎಂಟನೆಯ ಹೆಜ್ಜೆ: ಪ್ಯಾರಾಸಿಟಮಾಲ್ ಸಾಲದಿದ್ದಾಗ

ಮೂಳೆ ಮುರಿತ, ಕ್ಯಾನ್ಸರ್, ಶಸ್ತ್ರಚಿಕಿತ್ಸೆಯ ನಂತರದ ನೋವುಗಳಿಗೆ ಹೆಚ್ಚು ಶಕ್ತಿಯ ಔಷಧಿ ಬೇಕಾಗುತ್ತದೆ, ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ಯಕೃತ್ತಿನ ಕಾಯಿಲೆ ಇದೆಯೆಂದು ನೋವು ತಿನ್ನುತ್ತ ಕೂರಬೇಕಾಗಿಲ್ಲ. ಆದರೆ ಟ್ರಮಡಾಲ್‌ನಂಥ ಔಷಧಿಗಳು ಇವರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ವೈದ್ಯರು ಪ್ರಮಾಣವನ್ನು ಇಳಿಸಿ, ಅಂತರವನ್ನು ಹೆಚ್ಚಿಸಿ ಕೊಡುತ್ತಾರೆ. ಅದನ್ನು ಪಕ್ಕದ ಮನೆಯವರ ಡಬ್ಬಿಯಿಂದ ತಂದು ನುಂಗಬಾರದು. ಟ್ರಮಡಾಲ್ ಗುಳಿಗೆಗಳಲ್ಲಿ ಅನೇಕವು ಪ್ಯಾರಾಸಿಟಮಾಲ್ ಬೆರೆತೇ ಬರುತ್ತವೆ, ಅದೂ ದಿನದ ಲೆಕ್ಕಕ್ಕೆ ಸೇರಬೇಕು.

ಟ್ರಮಡಾಲ್‌ನಂಥ ಔಷಧಿಗಳು ಮಲಬದ್ಧತೆ ಮತ್ತು ತೂಕಡಿಕೆ ತರುತ್ತವೆ. ಸಿರೋಸಿಸ್‌ನಲ್ಲಿ ಮಲ ಕಟ್ಟಿದರೆ ಕರುಳಿನಲ್ಲಿ ಹುಟ್ಟುವ ಅಮೋನಿಯ ಮೊದಲಾದವು ಮೆದುಳಿಗೆ ತಲುಪಿ ಮಂಪರು ಕವಿಯುತ್ತದೆ. ಆದ್ದರಿಂದ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಜೊತೆಗೇ ಕೊಡುವುದುಂಟು. ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲ ಆಗುತ್ತಿದೆಯೇ ಎಂದು ಮನೆಯವರು ನೋಡಿಕೊಳ್ಳಬೇಕು. ಹಗಲು ನಿದ್ದೆ ರಾತ್ರಿ ಎಚ್ಚರ, ಕೈ ನಡುಕ, ದಿನ ವಾರ ತಪ್ಪಿ ಹೇಳುವುದು ಕಂಡರೆ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ನರದ ಉರಿನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳನ್ನು ಹೊರಹಾಕುವುದು ಮೂತ್ರಪಿಂಡ. ಯಕೃತ್ತಿಗೆ ಹೊರೆಯಾಗದಿದ್ದರೂ ಅವೂ ತೂಕಡಿಕೆ ತರುತ್ತವೆ. ಅದೇ ನೋವಿಗೆ ಕೊಡುವ ಡ್ಯುಲೊಕ್ಸೆಟಿನ್ ಅನ್ನು ಮಾತ್ರ ಯಕೃತ್ತಿನ ಕಾಯಿಲೆಯವರು ತೆಗೆದುಕೊಳ್ಳಬಾರದು.

ಒಂಬತ್ತನೆಯ ಹೆಜ್ಜೆ: ನಾಟಿ ಔಷಧಿ ಮತ್ತು ಪುಡಿಗಳು

ನಮ್ಮ ಕಡೆ ನಾಟಿ ವೈದ್ಯರ ಮೇಲೆ ಜನರಿಗೆ ಆಳವಾದ ವಿಶ್ವಾಸವಿದೆ; ಅದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಗಿಡಮೂಲಿಕೆಯೂ ಕರಗುವುದು ಯಕೃತ್ತಿನಲ್ಲಿಯೇ. ಕೋವಿಡ್ ಕಾಲದಲ್ಲಿ ದಿನವೂ ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅಡುಗೆಗೆ ಹಾಕುವ ಅರಿಶಿನದಿಂದ ತೊಂದರೆಯಿಲ್ಲ. ಅದೇ ಅರಿಶಿನದ ಸಾರವನ್ನು ಕರಿಮೆಣಸಿನ ಸಾರದೊಡನೆ ಸೇರಿಸಿ ಮಾರುವ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ಹೆಸರು, ಪದಾರ್ಥಗಳ ವಿವರ ಇಲ್ಲದೆ ಪೊಟ್ಟಣದಲ್ಲಿ ಕಟ್ಟಿಕೊಡುವ ಸಂಧಿನೋವಿನ ಪುಡಿ ಎರಡೇ ದಿನದಲ್ಲಿ ಪವಾಡದಂತೆ ನೋವು ಇಳಿಸಿದರೆ, ಅದರಲ್ಲಿ ಸ್ಟೀರಾಯ್ಡ್ ಅಥವಾ ಮೇಲೆ ಹೇಳಿದ ಗುಂಪಿನ ಗುಳಿಗೆಯನ್ನು ಅರೆದು ಸೇರಿಸಿರುವ ಸಾಧ್ಯತೆಯನ್ನು ಯೋಚಿಸಬೇಕು. ಏನನ್ನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಕಾರಣ ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ.

ಹತ್ತನೆಯ ಹೆಜ್ಜೆ: ಬರೆದಿಡಿ, ಮತ್ತು ತಪ್ಪಾದರೆ ಕಾಯಬೇಡಿ

ದೊಡ್ಡಮ್ಮನ ಮನೆಯಲ್ಲಿ ಈಗ ಕ್ಯಾಲೆಂಡರ್‌ನ ಪಕ್ಕ ಒಂದು ಹಾಳೆ ಅಂಟಿಸಿದೆ. ಅದರಲ್ಲಿ ಕಾಯಿಲೆಯ ಹೆಸರು, ನಿತ್ಯದ ಔಷಧಿಗಳು, ಬೇಡವಾದ ಗುಳಿಗೆಗಳ ಪಟ್ಟಿ, ವೈದ್ಯರ ಫೋನ್ ನಂಬರ್ ಇವೆ. ಪ್ಯಾರಾಸಿಟಮಾಲ್ ನುಂಗಿದಾಗಲೆಲ್ಲ ದಿನಾಂಕದ ಚೌಕದಲ್ಲಿ ಗಂಟೆಯನ್ನು ಬರೆಯುತ್ತಾರೆ. ಎರಡು ಗುಳಿಗೆ ಆಯಿತೋ ಮೂರಾಯಿತೋ ಎಂಬ ಅನುಮಾನಕ್ಕೆ ಜಾಗವಿಲ್ಲ. ಅದೇ ಹಾಳೆಯ ಫೋಟೋ ಮನೆಯವರೆಲ್ಲರ ಮೊಬೈಲ್‌ನಲ್ಲಿದೆ.

ಲೆಕ್ಕ ತಪ್ಪಿ ಮಿತಿಗಿಂತ ಹೆಚ್ಚು ಪ್ಯಾರಾಸಿಟಮಾಲ್ ಹೊಟ್ಟೆಗೆ ಹೋಗಿದ್ದರೆ, ಏನೂ ಆಗಿಲ್ಲವಲ್ಲ ಎಂದು ಕಾಯಬಾರದು. ಮೊದಲ ದಿನ ಬರೀ ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು; ಯಕೃತ್ತಿನ ಹಾನಿ ಹೊರಗೆ ಕಾಣುವುದು ಆಮೇಲೆ. ಇದಕ್ಕೆ ಎನ್‌-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಎಂಟು ಗಂಟೆಗಳೊಳಗೆ ಕೊಟ್ಟರೆ ಅದರ ಪರಿಣಾಮ ಅತ್ಯುತ್ತಮ, ತಡವಾದರೂ ಪ್ರಯೋಜನವಿದೆ. ಆಗುಂಬೆ ಸೀಮೆಯ ಅಥವಾ ಹೊಸನಗರದ ಒಳ ಹಳ್ಳಿಗಳಿಂದ ಮಳೆಗಾಲದಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತಲುಪಲು ಎಷ್ಟು ಹೊತ್ತು ಬೇಕೆಂದು ಅಲ್ಲಿನವರಿಗೆ ಗೊತ್ತು. ಮರ ಬಿದ್ದು ರಸ್ತೆ ಕಟ್ಟುವುದೂ, ಫೋನ್ ಸಿಗದಿರುವುದೂ ಹೊಸತಲ್ಲ. ಆದ್ದರಿಂದ ಸಂಜೆ ಅನುಮಾನ ಬಂದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಹೊರಡುವಾಗ ಆ ಹಾಳೆಯನ್ನೂ, ಖಾಲಿಯಾದ ಸ್ಟ್ರಿಪ್‌ಗಳನ್ನೂ, ಪುಡಿಯ ಪೊಟ್ಟಣವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ತುರ್ತು ವಿಭಾಗದಲ್ಲಿ ಮೊದಲು ಕೇಳುವುದು ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಎಂಬುದನ್ನು.